ಮಂಡಿಯೂರುವ ಗಾಡಿ

ಜನವರಿ 9

ಪ್ರೀತಿಯ ಸ್ಪ್ಯಾನರ್,

ನಾವೆಲ್ಲ ಕ್ಷೇಮ ಎಂದು ಶುರು ಮಾಡೋಣವೆಂದು ಕೂತೆ, ಕೈ ಓಡಲಿಲ್ಲ. ಆ ಸಾಲು ಬಿಟ್ಟೇ ಬರೆಯುತ್ತಿದ್ದೇನೆ. ದಿಂಬಿನ ಕೆಳಗೆ ಸ್ಪ್ಯಾನರ್ ಇಟ್ಟುಕೊಂಡು ಮಲಗುತ್ತಿದ್ದ ತಮ್ಮನಿಗೆ ಈಗ ಐವತ್ತು ಹತ್ತಿರವಾದರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ, ಬೈದುಕೊಳ್ಳಬೇಡ.

ನಿನ್ನ ಭಾವನ ಕಾಲಿನ ಬಲ ಹೋಗುತ್ತಿದೆ. ಹೋದ ವರ್ಷ ಒಂದು ದಿನ ಬ್ರೇಕಿನ ಮೇಲೆ ಪಾದ ಕೊಂಚ ತಡವಾಗಿ ಇಳಿಯಿತಂತೆ. ಯಾರೂ ಗಮನಿಸಿರಲಿಲ್ಲ. ಇವರೇ ಯಜಮಾನರಿಗೆ ಹೇಳಿ, ಕೀಲಿಕೈ ಮೇಜಿನ ಮೇಲಿಟ್ಟು ನಡೆದುಕೊಂಡು ಮನೆಗೆ ಬಂದರು. ನರಗಳ ಕಾಯಿಲೆಯಂತೆ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಮಾತು, ಆಮೇಲೆ ಉಸಿರು. ಎಷ್ಟು ದಿನ ಎಂದು ಕೇಳಿದೆ. ಒಂದು ವರ್ಷ ಅಂದುಕೊಳ್ಳಿ ಎಂದರು ಡಾಕ್ಟರು.

ಈಗ ಗಾಡಿಯ ವಿಷಯ. ಇವರು ಕೆಲಸ ಮಾಡುತ್ತಿದ್ದ ಅಂಗಿ ಗುಂಡಿ ಕಾರ್ಖಾನೆಯ ದೊಡ್ಡ ಯಜಮಾನರು ತೀರಿಕೊಂಡರು. ಮಗ ಆ ದೊಡ್ಡ ಹಸಿರು ಗಾಡಿಯನ್ನು ಮಾರುತ್ತಿದ್ದಾನೆ. ಹದಿನಾಲ್ಕು ವರ್ಷದ ಗಾಡಿ. ಅಷ್ಟೂ ವರ್ಷ ಅದರ ಸ್ಟೇರಿಂಗ್ ಹಿಡಿದದ್ದು ನಿನ್ನ ಭಾವ ಒಬ್ಬರೇ. ಒಂದು ದಿನವೂ ಅದರ ಹಿಂದಿನ ಸೀಟಿನಲ್ಲಿ ಕೂತವರಲ್ಲ. ನಾನಂತೂ ಅದರ ಬಾಗಿಲನ್ನೂ ಮುಟ್ಟಿಲ್ಲ. ಒಂದು ಮಳೆಗಾಲದಲ್ಲಿ ನಾನು ಬಸ್ಸಿಗೆ ಕಾಯುತ್ತ ತೊಪ್ಪೆಯಾಗಿ ನಿಂತಿದ್ದೆ. ಈ ಮಹಾನುಭಾವರು ಖಾಲಿ ಗಾಡಿಯಲ್ಲಿ ಎದುರಿಗೇ ಹಾದು ಹೋದರು, ನಿಲ್ಲಿಸಲಿಲ್ಲ. ಗಾಡಿ ನಮ್ಮದಲ್ಲವಲ್ಲ ಎಂದರು. ಮೂರು ದಿನ ನಾನು ಮಾತಾಡಿಸಲಿಲ್ಲ.

ಆ ಗಾಡಿಗೆ ಒಂದು ವಿದ್ಯೆ ಗೊತ್ತು. ಒಂದು ಗುಂಡಿ ಒತ್ತಿದರೆ ಮಂಡಿಯೂರಿದ ಹಾಗೆ ತಗ್ಗುತ್ತದೆ, ಹತ್ತಿ ಕೂತ ಮೇಲೆ ಎದ್ದು ನಿಲ್ಲುತ್ತದೆ. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗುವಾಗ ಟ್ಯಾಕ್ಸಿಯಲ್ಲಿ ಇವರನ್ನು ಚಾಪೆಯ ಹಾಗೆ ಮಡಚಿ ತುರುಕುತ್ತೇನೆ. ಅದೊಂದು ಕಾರಣ. ನಿಜವಾದ ಕಾರಣ ಬೇರೆ. ಒಂದೇ ಒಂದು ಸಲ ಇವರನ್ನು ಆ ಹಿಂದಿನ ಸೀಟಿನಲ್ಲಿ ಕೂರಿಸಬೇಕು, ನಾನೂ ಪಕ್ಕದಲ್ಲಿ ಕೂರಬೇಕು. ಹುಚ್ಚು ಅನ್ನು, ಪರವಾಗಿಲ್ಲ. ಇರುವುದನ್ನೆಲ್ಲ ಕೂಡಿಸಿದರೆ ಕೊಳ್ಳಬಹುದು, ಆದರೆ ಕೊಂಡ ಮೇಲೆ ಅದು ಕೈಕೊಟ್ಟರೆ ಔಷಧಿಗೂ ತತ್ವಾರ. ಅದಕ್ಕೇ ನೀನು ನೋಡಿ ಹೇಳಬೇಕು.

ಹದಿನಾರು ವರ್ಷದ ಹಿಂದಿನದನ್ನು ಎತ್ತಬಾರದು ಎಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ನಿನ್ನ ಗ್ಯಾರೇಜಿಗೆ ಪಾಲುದಾರರಾಗಿ ಬನ್ನಿ ಎಂದು ನೀನು ಕರೆದಾಗ ಇವರು ‘ನೋಡೋಣ’ ಅಂದರು. ಇವರು ಹುಟ್ಟಿದಾಗಿನಿಂದ ಯಾರಿಗೂ ‘ಆಗಲ್ಲ’ ಎಂದವರಲ್ಲ. ಆಗದ್ದಕ್ಕೆಲ್ಲ ‘ನೋಡೋಣ’. ನಮ್ಮ ಮನೆಯಲ್ಲಿ ಆ ಮಾತಿಗೆ ಇರುವುದು ಅದೊಂದೇ ಅರ್ಥ. ನೀನು ಒಪ್ಪಿಗೆ ಎಂದುಕೊಂಡು ‘ಭಾವ-ಮೈದುನ ಮೋಟಾರ್ ರಿಪೇರಿ’ ಎಂದು ಬೋರ್ಡೇ ಬರೆಸಿದೆ. ಇವರು ಹೋಗಲಿಲ್ಲ. ಅಂದಿನಿಂದ ನೀವಿಬ್ಬರೂ

(ಇಲ್ಲಿಗೆ ನಿಲ್ಲಿಸಿದೆ. ಬರೆದಷ್ಟನ್ನು ಓದಿ ತೋರಿಸಿದ್ದಕ್ಕೆ ಇವರು, “ಇದನ್ನ ಕಳಿಸಬೇಡ ಕಣೆ. ಕಾಯಿಲೆ ತೋರಿಸಿ ಅವನನ್ನ ಕರೆಸ್ಕೋಬಾರ್ದು. ನಾನು ಓಡಿಸಿದ ಗಾಡಿ ಅಂದ್ರೆ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅಂತಾನೆ. ಬೇರೆ ಯಾರದೋ ಅಂತ ಬರಿ. ಗಾಡಿ ನೋಡೋಕೆ ಬರಲಿ,” ಎಂದರು. ಈ ಹಾಳೆ ಹೊಲಿಗೆ ಡಬ್ಬಿಯಲ್ಲಿರಲಿ.)

•

ಜನವರಿ 9

ಪ್ರೀತಿಯ ಸ್ಪ್ಯಾನರ್,

ಇಲ್ಲಿ ಎಲ್ಲ ಮಾಮೂಲು. ಪರದೆ ಹೊಲಿಯುವ ಕೆಲಸ ಕೈತುಂಬ ಇದೆ. ನಿನ್ನ ಭಾವ ಈಗ ಕೆಲಸ ಬಿಟ್ಟು ಮನೆಯಲ್ಲಿ ಆರಾಮಾಗಿದ್ದಾರೆ.

ಬಸ್ ನಿಲ್ದಾಣದ ಹತ್ತಿರ ಹಳೇ ಗಾಡಿ ಮಾರುವ ಅಂಗಡಿಯಲ್ಲಿ ಒಂದು ದೊಡ್ಡ ಹಸಿರು ಎಸ್‌ಯುವಿ ನೋಡಿದೆವು. ಶ್ರೀಮಂತರು ಓಡಾಡುವಂಥದ್ದು. ಹದಿನಾಲ್ಕು ವರ್ಷದ್ದು, ಒಬ್ಬನೇ ಡ್ರೈವರ್ ಓಡಿಸಿದ್ದಂತೆ. ಕೊಳ್ಳೋಣವೇ ಎಂದು ಆಸೆ. ನಿನ್ನ ಅಭಿಪ್ರಾಯ ಬರಿ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಅಕ್ಕ

•

ಜನವರಿ 20

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ತಲೆ ಚಚ್ಚಿಕೊಂಡೆ. ಜೀವಮಾನವೆಲ್ಲ ಸಿಟಿ ಬಸ್ಸಿನ ಕಂಬಿ ಹಿಡಿದು ಓಡಾಡಿದವಳಿಗೆ ಈ ವಯಸ್ಸಿನಲ್ಲಿ ಎಂಟು ಸಿಲಿಂಡರಿನ ಆಸೆ ಎಲ್ಲಿಂದ ಬಂತು? ಪಕ್ಕದ ಮನೆಯವರು ಏನಾದರೂ ಕೊಂಡರೇ?

ಆ ಜಾತಿಯ ಗಾಡಿಗಳ ಹಣೆಬರಹ ನನಗೆ ಗೊತ್ತು. ಹದಿನಾಲ್ಕು ವರ್ಷವಾದರೆ ಅದು ಸಾಹುಕಾರನ ಹಾಗೆ ಉಣ್ಣುವ ಬಡ ನೆಂಟ. ಬೆಲೆ ಇಳಿದಿರುತ್ತದೆ, ಹೊಟ್ಟೆ ಇಳಿದಿರುವುದಿಲ್ಲ. ಬಾಗಿಲ ಹಿಡಿಕೆ ಮುರಿದರೆ ಅದಕ್ಕೆ ಕೇಳುವ ಬೆಲೆಗೆ ನಮ್ಮಂಥವರು ಬಾಗಿಲನ್ನೇ ಮಾಡಿಸಿಕೊಳ್ಳಬಹುದು.

ನೋಡಲೇಬೇಕು ಎಂಬ ಹಟವಿದ್ದರೆ ಬೆಳಿಗ್ಗೆ ಹೋಗಿ ನೋಡು. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ನೀನು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ, ವಾಪಸ್ ಬಂದುಬಿಡು. ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡು, ಚಾವಣಿಯ ಗಾಜಿನಿಂದ ನೀರು ಹೋಗುವ ತೂತುಗಳು ಕಟ್ಟಿಕೊಂಡಿದ್ದರೆ ಒಳಗೆಲ್ಲ ಮುಗ್ಗಲು ವಾಸನೆ ಬರುತ್ತದೆ. ಗೇರ್ ಬಾಕ್ಸ್ ಎಣ್ಣೆಯನ್ನು ಬದಲಿಸಿದ್ದಾರೆಯೇ ಕೇಳು. ಇಂಜಿನ್ ಹಿಂದಿನ ಪ್ಲಾಸ್ಟಿಕ್ ನೀರಿನ ಪೈಪಿನ ಬಗ್ಗೆಯೂ ಕೇಳು. ಇನ್ನೊಂದು ಮುಖ್ಯ ಸಂಗತಿ. ಆ ಗಾಡಿಗೆ ಸ್ಪ್ರಿಂಗ್ ಇರುವುದಿಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಂತಿರುತ್ತದೆ. ಚೀಲ ಹಳತಾದರೆ ಗಾಡಿ ಕೂರುತ್ತದೆ. ಕೂತ ಗಾಡಿಯನ್ನು ಮಾತ್ರ ಮನೆಗೆ ತರಬೇಡ.

ಒಬ್ಬನೇ ಡ್ರೈವರ್ ಓಡಿಸಿದ್ದು ಎಂದು ಮಾರುವವನು ಹೇಳಿದನಲ್ಲ, ನನಗೆ ಹೆದರಿಕೆ ಅಲ್ಲೇ. ಸಂಬಳಕ್ಕೆ ಓಡಿಸುವವನಿಗೆ ಗಾಡಿಯ ನೋವು ಮುಟ್ಟುವುದಿಲ್ಲ. ಯಜಮಾನ ಕಣ್ಮರೆಯಾದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರೆಲ್ಲ ಮೆರೆಯುತ್ತಾನೆ. ಅಂಥವರು ಹಾಳುಮಾಡಿದ ಗಾಡಿಗಳನ್ನು ಬಿಚ್ಚಿ ಬಿಚ್ಚಿಯೇ ನನ್ನ ಬೆನ್ನು ಬಗ್ಗಿದೆ. ನಿಮ್ಮ ಮನೆಯ ಡ್ರೈವರರ ಮಾತು ನಾನು ಎತ್ತುವುದಿಲ್ಲ. ಅವರಿಗೆ ಯಜಮಾನರ ಸ್ಟೇರಿಂಗೇ ಸ್ವರ್ಗವಾಗಿತ್ತು, ಇರಲಿ.

ನಿನ್ನ ಸ್ಪ್ಯಾನರ್

•

ಫೆಬ್ರವರಿ 2

ಪ್ರೀತಿಯ ಸ್ಪ್ಯಾನರ್,

ನಿನ್ನ ಕಾಗದವನ್ನು ಎಂದಿನ ಹಾಗೆ ಗಟ್ಟಿಯಾಗಿ ಓದಿದೆ. ಡ್ರೈವರುಗಳ ಮಾತು ಬಂದಾಗ ನಿನ್ನ ಭಾವ ನಕ್ಕರು. ಬಡ ನೆಂಟನ ಮಾತಿಗೂ ನಕ್ಕರು.

ನೀನು ಹೇಳಿದ್ದನ್ನೆಲ್ಲ ವಿಚಾರಿಸಿದೆ. ಬಾನೆಟ್ ತಣ್ಣಗಿತ್ತು. ಮುಗ್ಗಲು ವಾಸನೆ ಇಲ್ಲ, ಚಾವಣಿಯ ತೂತುಗಳನ್ನು ತಿಂಗಳಿಗೊಂದು ಸಲ ಪರದೆಯ ನೈಲಾನ್ ದಾರ ತೂರಿಸಿ ಬಿಡಿಸುತ್ತಿದ್ದರಂತೆ. ಗೇರ್ ಬಾಕ್ಸ್ ಎಣ್ಣೆ ಮೂರು ಸಲ ಬದಲಾಗಿದೆ. ಪ್ಲಾಸ್ಟಿಕ್ ಪೈಪನ್ನು ಒಡೆಯುವ ಮೊದಲೇ ತೆಗೆಸಿ ಅಲ್ಯೂಮಿನಿಯಂನದ್ದು ಹಾಕಿಸಿದ್ದಾರೆ. ಗಾಳಿ ಚೀಲದಲ್ಲಿ ಮೂರು ಹೊಸವು. ಹಿಂದಿನ ಎಡಗಡೆಯದು ಮಾತ್ರ ಹಳೆಯದು, ಎರಡು ದಿನ ನಿಲ್ಲಿಸಿದರೆ ಒಂದೂವರೆ ಬೆರಳಿನಷ್ಟು ಕೂರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಎರಡು ಕ್ಷಣ ಇಂಜಿನ್ನಿನಲ್ಲಿ ಚಿಲ್ಲರೆ ಅಲ್ಲಾಡಿಸಿದಂಥ ಒಂದು ಸದ್ದು ಬರುತ್ತದೆ. ಅದು ಸಣ್ಣದೋ ದೊಡ್ಡದೋ ಎಂಬುದೊಂದೇ ಈಗ ತಿಳಿಯಬೇಕು. ಅದು ಇಂಜಿನ್ನಿನ ಒಳಗಿನ ಚೈನು ಸವೆದ ಸದ್ದಾಗಿದ್ದರೆ ಬಿಟ್ಟುಬಿಡಬೇಕು, ಎಣ್ಣೆ ಮೇಲೇರುವವರೆಗಿನ ಸದ್ದಾಗಿದ್ದರೆ ಕೊಳ್ಳಬಹುದು. ಇಷ್ಟು ನನಗೂ ಅರ್ಥವಾಗಿದೆ.

ಅದಕ್ಕೇ ಕೇಳುತ್ತಿದ್ದೇನೆ, ಒಂದು ದಿನದ ಮಟ್ಟಿಗೆ ಬಾ. ನೀನು ಕಿವಿಗೊಟ್ಟು ಎರಡು ಕ್ಷಣ ಕೇಳಿದರೆ ಸಾಕು. ಬೀದಿಯ ಆ ತುದಿಯಲ್ಲಿ ಹೋಗುವ ಲಾರಿಯ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದವನು ನೀನು. ‘ಅವನ ಕಿವಿ ಒಪ್ಪಿದರೆ ನಾನೂ ಒಪ್ಪಿದೆ’ ಎಂದರು ನಿನ್ನ ಭಾವ. ಅವರೇ ಬರೆಯಲು ಹೇಳಿದ್ದು ಇದು. ಬೇಗ ಬರಿ, ಬೇರೆಯವರೂ ಬಂದು ನೋಡಿಕೊಂಡು ಹೋಗುತ್ತಿದ್ದಾರೆ.

ನಿನ್ನ ಅಕ್ಕ

•

ಫೆಬ್ರವರಿ 11

ಅಕ್ಕಾ,

ಮಾರುವವನು ನಿನಗೆ ಚೆನ್ನಾಗಿ ಪಾಠ ಹೇಳಿಕೊಟ್ಟಿದ್ದಾನೆ. ನೀನು ಬರೆದದ್ದೆಲ್ಲ ನಿಜವಾಗಿದ್ದರೆ ಆ ಗಾಡಿ ನೋಡಿಕೊಂಡವನ ಕಾಲಿಗೆ ಬೀಳಬೇಕು. ಮೂವತ್ತು ವರ್ಷದಲ್ಲಿ ಅಂಥ ಒಬ್ಬನನ್ನೂ ನಾನು ಕಂಡಿಲ್ಲ. ಆದ್ದರಿಂದಲೇ ನಂಬುವುದಿಲ್ಲ.

ಸದ್ದಿನ ವಿಷಯ ಕಾಗದದಲ್ಲಿ ಹೇಳಲಾಗುವುದಿಲ್ಲ. ಅಲ್ಲೇ ಯಾರಾದರೂ ಒಳ್ಳೆ ಮೆಕ್ಯಾನಿಕ್ ಸಿಗುವುದಿಲ್ಲವೇ? ಇಲ್ಲಿ ಎರಡು ಇಂಜಿನ್ ಬಿಚ್ಚಿ ಹಾಸಿದ್ದೇನೆ. ಬರುವುದಕ್ಕೆ ಆಗುತ್ತದೆಯೇ, ನೋಡೋಣ.

ನಿನ್ನ ಸ್ಪ್ಯಾನರ್

•

ಮಾರ್ಚ್ 3

ತಮ್ಮಾ,

ಗಾಡಿ ನಿನ್ನೆ ಹೋಯಿತು. ಇನ್ನು ನೀನು ಇಂಜಿನ್ ಬಿಟ್ಟು ಬರುವ ತಾಪತ್ರಯವಿಲ್ಲ.

ನಿನ್ನ ಕಾಗದದ ಕೊನೆಯ ಮಾತು ಓದಿದೆ. ಇವರು ಇನ್ನೊಂದು ಸಲ ಓದಿಸಿದರು. “ನಾನು ಕೊಟ್ಟದ್ದನ್ನೇ ವಾಪಸ್ ಕೊಟ್ಟಿದ್ದಾನೆ. ಸರಿಯಾಗೇ ಇದೆ,” ಎಂದರು. ಆಮೇಲೂ ಎರಡು ವಾರ ಪೋಸ್ಟಿನವನು ಬಂದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ಫೆಬ್ರವರಿ ಇಪ್ಪತ್ತೈದಕ್ಕೆ ಚಿಕ್ಕ ಯಜಮಾನರಿಗೆ ನಮಗೆ ಬೇಡ ಎಂದು ಹೇಳಿ ಕಳಿಸಿದೆವು.

ಯಾವ ಚಿಕ್ಕ ಯಜಮಾನರು ಎಂದು ಕೇಳುತ್ತೀಯ. ಜೊತೆಗಿರುವ ಹಳೆಯ ಹಾಳೆ ಓದು. ಜನವರಿ ಒಂಬತ್ತಕ್ಕೆ ಬರೆದದ್ದು, ಇವರು ಕಳಿಸಬೇಡ ಎಂದಿದ್ದರು. ಈಗ ಕೇಳದೆ ಕಳಿಸುತ್ತಿದ್ದೇನೆ. ಅಂಗಡಿ ಎಂದು ನಾನು ಬರೆದದ್ದು ಸುಳ್ಳು. ಗಾಡಿ ಇದ್ದದ್ದು ಯಜಮಾನರ ಶೆಡ್ಡಿನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ.

ನಾನು ಬರೆದ ಇನ್ನೊಂದು ಸುಳ್ಳೂ ಇದೆ. ಡ್ರೈವರುಗಳ ಮಾತಿಗೆ ಇವರು ನಗಲಿಲ್ಲ. ನಾನು ಓದುವ ಭರದಲ್ಲಿ ಓದಿಬಿಟ್ಟೆ, ಮಧ್ಯೆ ನಿಲ್ಲಿಸಲು ಆಗಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಮೆರೆಯುತ್ತಾನೆ ಎಂದು ನೀನು ಬರೆದಿದ್ದೆಯಲ್ಲ, ಆ ಸಾಲನ್ನೂ ಓದಿದೆ. ಇವರು ಗೋಡೆಯ ಕಡೆ ತಿರುಗಿ, “ಒಂದು ಸಲ ಕೂರಿಸ್ಕೋಬೇಕಿತ್ತು ನಿನ್ನನ್ನ,” ಎಂದರು. ಅಷ್ಟೇ. ಎರಡು ದಿನ ಊಟ ಸೇರಲಿಲ್ಲ. ನಿನ್ನ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಆದರೆ ನಿಜವನ್ನು ಮುಚ್ಚಿಟ್ಟು ನಿನ್ನ ಕೈಲಿ ಹಾಗೆ ಬರೆಸಿದವಳು ನಾನೇ ಎಂಬುದೂ ನನಗೆ ಗೊತ್ತಿದೆ.

ಅಕ್ಕ

•

ಮಾರ್ಚ್ 4

ಅಕ್ಕಾ,

ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಮೊನ್ನೆ ಮಾರ್ಚ್ ಒಂದಕ್ಕೆ ನಿಮ್ಮೂರಿಗೆ ಬಂದಿದ್ದೆ. ಎರಡೂ ಇಂಜಿನ್ ಮುಗಿಸಿ ಮೊದಲ ಬಸ್ಸು ಹತ್ತಿದೆ.

ಬಸ್ ನಿಲ್ದಾಣದ ಸುತ್ತ ಇರುವ ನಾಲ್ಕು ಹಳೇ ಗಾಡಿ ಅಂಗಡಿಗಳನ್ನೂ ಜಾಲಾಡಿದೆ. ಹಸಿರು ಗಾಡಿ ಎಲ್ಲೂ ಇಲ್ಲ. ಅಂಗಡಿಯವರು ಅಂಥ ಗಾಡಿ ನಮ್ಮಲ್ಲಿಗೆ ಬಂದೇ ಇಲ್ಲ ಎಂದು ಕೈಯಾಡಿಸಿದರು. ಮೋಸಗಾರರು, ಮಾರಿ ಮುಗಿಸಿದ್ದಾರೆ, ಅಥವಾ ನೀನೇ ತಡೆಯಲಾರದೆ ಕೊಂಡಿದ್ದೀಯ ಎಂದುಕೊಂಡೆ.

ಆಮೇಲೆ ನಿಮ್ಮ ಬೀದಿಯ ತಿರುವಿನವರೆಗೂ ಬಂದೆ. ನಿಮ್ಮ ಬಾಗಿಲು ತೆರೆದಿತ್ತು, ಹಗ್ಗದ ಮೇಲೆ ಭಾವನ ಅಂಗಿ ಒಣಗುತ್ತಿತ್ತು. ಎದುರಾದರೆ ಏನು ಮಾತಾಡಲಿ ಎಂದು ತೋಚದೆ, ಚಹಾದಂಗಡಿಯಲ್ಲಿ ಎರಡು ಲೋಟ ಕುಡಿದು ವಾಪಸ್ ಬಸ್ಸು ಹತ್ತಿದೆ. ನಿಜವಾಗಿ ಕೊಂಡಿದ್ದರೆ ಬರಿ. ಹಿಂದಿನ ಎಡಗಡೆಯ ಚೀಲವನ್ನು ನಾನೇ ಬದಲಿಸಿ ಕೊಡುತ್ತೇನೆ.

ನಿನ್ನ ಸ್ಪ್ಯಾನರ್

•

ಮಾರ್ಚ್ 11

ಅಕ್ಕಾ,

ನಮ್ಮ ಎರಡು ಕಾಗದಗಳೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ಹಳೆಯ ಹಾಳೆಯನ್ನು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಓದಿದೆ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ.

ನಾನು ‘ನೋಡೋಣ’ ಎಂದದ್ದು ನೋಡೋಣ ಎಂದೇ. ಅದಕ್ಕೆ ಬೇರೆ ಅರ್ಥ ನನಗೆ ಇವತ್ತಿಗೂ ಹೊಳೆದಿರಲಿಲ್ಲ. ಹದಿನಾರು ವರ್ಷದ ಹಿಂದೆ ಹೊಳೆದಿದ್ದರೆ ಬೋರ್ಡನ್ನೂ ಬರೆಸುತ್ತಿರಲಿಲ್ಲ, ಸಿಟ್ಟನ್ನೂ ಸಾಕಿಕೊಳ್ಳುತ್ತಿರಲಿಲ್ಲ. ಪರದೆಯ ನೈಲಾನ್ ದಾರ ಎಂದು ನೀನು ಬರೆದಾಗಲೇ ನನಗೆ ತಿಳಿಯಬೇಕಿತ್ತು. ನಿಮ್ಮ ಮನೆ ಬಿಟ್ಟರೆ ಯಾವ ಡ್ರೈವರಿನ ಮನೆಯಲ್ಲಿ ಪರದೆ ದಾರ ಇರುತ್ತದೆ?

ನಾನು ನಿಂತ ದಿನ ಗಾಡಿ ಇನ್ನೂ ಶೆಡ್ಡಿನಲ್ಲೇ ಇತ್ತಲ್ಲ, ನಿಮ್ಮ ಮನೆಯಿಂದ ಎರಡೇ ಬೀದಿ ಆಚೆ. ಡ್ರೈವರುಗಳ ಬಗ್ಗೆ ಬರೆದದ್ದಕ್ಕೆ ಭಾವನ ಎದುರು ಕೂತೇ ತಪ್ಪೊಪ್ಪಿಕೊಳ್ಳುತ್ತೇನೆ. ಈ ಭಾನುವಾರ ಬೇಡ, ಅದರ ಮುಂದಿನ ಭಾನುವಾರ ಬರುತ್ತೇನೆ. ಈ ಸಲ ಬೀದಿಯ ತಿರುವಿನಲ್ಲಿ ನಿಲ್ಲುವುದಿಲ್ಲ.

ನಿನ್ನ ಸ್ಪ್ಯಾನರ್

•

ಮಾರ್ಚ್ 30

ಪ್ರೀತಿಯ ಸ್ಪ್ಯಾನರ್,

ನೀನು ಬಂದು ಹೋಗಿ ಎಂಟು ದಿನವಾದರೂ ಮನೆಯಲ್ಲಿ ಇನ್ನೂ ನಿನ್ನದೇ ಮಾತು. ಸಂಜೆಯವರೆಗಾದರೂ ಇರುತ್ತೀಯ ಎಂದುಕೊಂಡಿದ್ದೆ. ಚಹಾ ಬೇಕಾ ಎಂದು ಒಳಗಿನಿಂದ ಕೇಳಿದರೆ “ಬಸ್ಸು ಐದಕ್ಕೆ” ಎಂದೆಯಲ್ಲ, ನಿನ್ನ ತಮಾಷೆಯ ಬುದ್ಧಿ ಇನ್ನೂ ಹೋಗಿಲ್ಲ ಎಂದು ನಕ್ಕೆ.

ನನಗೆ ಏನೂ ತರುವುದಿರಲಿಲ್ಲ, ನಿಮ್ಮಿಬ್ಬರನ್ನು ಬಿಡಬೇಕೆಂದೇ ಔಷಧಿ ಅಂಗಡಿಯ ನೆಪ ಮಾಡಿ ಹೊರಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ವಾಪಸ್ ಬರುವಾಗ ಕಿಟಕಿಯಲ್ಲಿ ಕಂಡಿತು. ಇವರು ನಿನ್ನ ಕೈ ಹಿಡಿದುಕೊಂಡು ಮಾತಾಡುತ್ತಿದ್ದರು, ನೀನು ಬಗ್ಗಿ ಮುಖ ನೋಡುತ್ತ ತಲೆಯಾಡಿಸುತ್ತಿದ್ದೆ. ಇವರ ದನಿ ಈಗ ದಾರದಷ್ಟು ಸಣ್ಣಗಾಗಿದೆ. ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಈ ಆರು ತಿಂಗಳಲ್ಲಿ ನೋಡಿಲ್ಲ.

ನೀನು ಹೋದ ಮೇಲೆ, “ಎಲ್ಲಾ ಹೇಳ್ಬಿಟ್ಟೆ ಕಣೆ. ಅವನು ಒಪ್ಪಿದ,” ಎಂದರು. ಏನಕ್ಕೆ ಒಪ್ಪಿದ ಎಂದೆ. ಅದು ಭಾವ-ಮೈದುನರ ವಿಷಯ, ನಿನಗೆ ಯಾಕೆ ಎಂದು ಕಣ್ಣು ಮಿಟುಕಿಸಿದರು. ಆ ದಿನ ನಿದ್ದೆ ಮಾತ್ರೆ ಕೇಳಲಿಲ್ಲ. ಅದೇನು ಒಪ್ಪಂದ, ನೀನಾದರೂ ಬರಿ. ನನಗೆ ತಡೆಯಲಾಗುತ್ತಿಲ್ಲ.

ಬುಧವಾರ ಆಸ್ಪತ್ರೆಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಆ ಗಾಡಿ ನಮ್ಮ ಟ್ಯಾಕ್ಸಿಯ ಪಕ್ಕದಲ್ಲೇ ಬಂದು ನಿಂತಿತು. ಹಿಂದಿನ ಸೀಟನ್ನು ಮಡಚಿ ಪ್ಲೈವುಡ್ ಹಲಗೆಗಳನ್ನು ತುಂಬಿದ್ದರು. ಇವರು ಅದರ ಹಿಂದಿನ ಚಕ್ರವನ್ನೇ ನೋಡಿದರು. “ಎಡಗಡೆ ಪೂರ್ತಿ ಕೂತಿದೆ, ಯಾರೂ ನೋಡ್ತಿಲ್ಲ,” ಎಂದರು. ನಿಲ್ಲಿಸಿದ್ದ ಇಂಜಿನ್ನನ್ನು ಸಿಗ್ನಲ್ ಬಿಟ್ಟಾಗ ಮತ್ತೆ ಸ್ಟಾರ್ಟ್ ಮಾಡಿದರಲ್ಲ, ಬೆಳಿಗ್ಗೆ ಮಾತ್ರ ಬರುತ್ತಿದ್ದ ಆ ಚಿಲ್ಲರೆ ಸದ್ದು ಆಗ ನನಗೂ ಕೇಳಿಸಿತು. ಆ ಸದ್ದು ಏನಾಗಿತ್ತೋ ಈಗ ತಿಳಿದು ಮಾಡುವುದೇನೂ ಇಲ್ಲ.

ನಿನ್ನ ಅಕ್ಕ

•

ಮೇ 6

ಸ್ಪ್ಯಾನರ್,

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಇವರಿಗೆ ಈಗ ಮಾತು ಪೂರ್ತಿ ನಿಂತಿದೆ. ಕೈಯೂ ಎತ್ತಲಾಗುವುದಿಲ್ಲ, ಆದ್ದರಿಂದ ಬರೆದು ತೋರಿಸುವುದೂ ಇಲ್ಲ. ಕಣ್ಣು ಮುಚ್ಚಿದರೆ ಹೌದು, ತೆರೆದೇ ಇದ್ದರೆ ಇಲ್ಲ. ನಿನ್ನ ಹೆಸರು ಹೇಳಿದರೆ ಕಣ್ಣು ಮುಚ್ಚುತ್ತಾರೆ. ಅವನು ಒಪ್ಪಿದ್ದನ್ನು ಮಾಡುತ್ತಾನೆ ತಾನೇ ಎಂದು ಕೇಳಿದೆ. ಬಿಗಿಯಾಗಿ ಮುಚ್ಚಿದರು. ಅಷ್ಟು ನಂಬಿಕೆ ಇಟ್ಟಿದ್ದಾರೆ. ಒಂದು ಸಾಲು ಬರಿ ಮಾರಾಯ.

ಅಕ್ಕ

•

ಜೂನ್ 18

ಅಕ್ಕಾ,

ಭಾವನನ್ನು ಕೊನೆಯ ಸಲ ಕಳಿಸಿಕೊಟ್ಟು ಬಂದು ಇವತ್ತಿಗೆ ಹನ್ನೆರಡು ದಿನ. ಅವತ್ತು ಜನರ ಮಧ್ಯೆ ನೀನು ನನ್ನ ತೋಳು ಹಿಡಿದು ಏನೋ ಕೇಳಿದೆ, ನಾನು ಅತ್ತ ತಿರುಗಿಕೊಂಡೆ. ನೀನು ಕೇಳಿದ್ದೇನು ಎಂದು ನನಗೆ ಗೊತ್ತಿತ್ತು, ಕೇಳಿಸಿತೆಂದಲ್ಲ. ಮಾರ್ಚಿನಿಂದ ನೀನು ಕೇಳುತ್ತಿರುವುದು ಅದೊಂದೇ ಅಲ್ಲವೇ?

ನನ್ನ ಎರಡೂ ಕಿವಿ ಹೋಗಿ ನಾಲ್ಕು ವರ್ಷವಾಯಿತು. ಫೋನ್ ಎತ್ತದಿರುವುದು ಅದಕ್ಕೇ, ನಿಮ್ಮ ಮೇಲಿನ ಮುನಿಸಿನಿಂದಲ್ಲ. ಇಂಜಿನ್ ಮೇಲೆ ಅಂಗೈ ಇಟ್ಟು ನಡುಕದಿಂದಲೇ ರೋಗ ಹಿಡಿಯುತ್ತೇನೆ. ಕಿವುಡ ಮೆಕ್ಯಾನಿಕ್ ಎಂದು ಗೊತ್ತಾದರೆ ಯಾರು ಗಾಡಿ ತರುತ್ತಾರೆ ಎಂದು ಯಾರಿಗೂ ಹೇಳಲಿಲ್ಲ. ನೀನು ಕಿವಿಗೊಟ್ಟು ಎರಡು ಕ್ಷಣ ಕೇಳು ಎಂದು ಬರೆದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಕಾಗದಕ್ಕೆ ಆ ಎರಡು ಸಾಲು ಬರೆಯಲು ನಾಲ್ಕು ದಿನ ಹಿಡಿಯಿತು.

ನಿನ್ನ ಮಾತು ಹೇಗೋ ತಿಳಿಯುತ್ತದೆ. ನೀನು ಕೂಗಿ ಮಾತಾಡುವವಳು, ಚಿಕ್ಕಂದಿನಿಂದ ನೋಡಿದ ತುಟಿ. ಒಳಗಿನಿಂದ ಕೂಗಿದರೆ ಮಾತ್ರ ತಪ್ಪಿಹೋಗುತ್ತದೆ. ಭಾವನ ತುಟಿ ಆಗಲೇ ಸರಿಯಾಗಿ ಅಲ್ಲಾಡುತ್ತಿರಲಿಲ್ಲ. ಮೊದಲು ನಾನು ನನ್ನ ತಪ್ಪಿನ ಮಾತು ಹೇಳಿ ಮುಗಿಸಿದೆ. ಅವರು ನನ್ನ ಕೈ ಹಿಡಿದು ಶುರು ಮಾಡಿದರು. ನನಗೆ ಕೇಳಿಸುವುದಿಲ್ಲ ಭಾವ ಎಂದು ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಾನು ಸುಮ್ಮನೆ ಒಂದು ಸಲ ತಲೆಯಾಡಿಸಿದೆ, ಅವರ ಮುಖ ಅರಳಿತು. ಇನ್ನೊಂದು ಸಲ ಆಡಿಸಿದೆ, ಇನ್ನಷ್ಟು ಅರಳಿತು. ಆಮೇಲೆ ನಿಲ್ಲಿಸಲಾಗಲಿಲ್ಲ ಅಕ್ಕಾ. ಗಾಡಿ ಎಂಬ ಮಾತು ಒಂದು ಸಲ, ಅಕ್ಕ ಎಂಬ ಮಾತು ನಾಲ್ಕೈದು ಸಲ ತುಟಿಯ ಮೇಲೆ ಕಂಡ ಹಾಗಾಯಿತು. ಅದೂ ಖಾತ್ರಿಯಿಲ್ಲ. ಕೊನೆಗೆ ಏನೋ ಒಂದು ಪ್ರಶ್ನೆ ಕೇಳಿ ನನ್ನ ಮುಖವನ್ನೇ ನೋಡಿದರು. ಆಗಲಿ ಭಾವ ಎಂದೆ.

ಏನಕ್ಕೆ ಆಗಲಿ ಎಂದೆ, ನನಗೆ ಗೊತ್ತಿಲ್ಲ. ನೀನು ಬೇಗ ವಾಪಸ್ ಬಂದಿದ್ದೆಯೇನೋ, ಬಾಗಿಲಲ್ಲಿ ನಿಂತು ಒಂದೆರಡು ಮಾತಾದರೂ ಕೇಳಿಸಿಕೊಂಡಿದ್ದೆಯೇನೋ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಕೇಳಿಸಿಕೊಂಡಿದ್ದರೆ ಬರಿ. ಅದು ಏನೇ ಆಗಿರಲಿ ಮಾಡುತ್ತೇನೆ.

ನಿನ್ನ ತಮ್ಮ

•

ಜೂನ್ 27

ತಮ್ಮಾ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಲು ಬಾಯಿ ತೆರೆದೆ. ಕೇಳುವವರು ಯಾರೂ ಇಲ್ಲವೆಂಬುದು ಆಮೇಲೆ ನೆನಪಾಯಿತು.

ನನಗೆ ಏನೂ ಕೇಳಿಸಲಿಲ್ಲ ಕಣೋ. ನಾನು ಕಿಟಕಿಯ ಹೊರಗಿದ್ದೆ, ಕಿಟಕಿ ಮುಚ್ಚಿತ್ತು. ಒಳಗೆ ಬಂದಾಗ ನೀನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆಮೇಲೂ ಎರಡು ತಿಂಗಳು ಇವರಿಗೆ ಮನಸ್ಸು ಸ್ಪಷ್ಟವಾಗಿಯೇ ಇತ್ತು. ನೀನು ಒಂದು ಸಾಲು ಬರೆದಿದ್ದರೆ ನಾನು ಪಕ್ಕದಲ್ಲಿ ಕೂತು, ಇದಾ, ಅದಾ ಎಂದು ಒಂದೊಂದಾಗಿ ಕೇಳುತ್ತಿದ್ದೆ, ಇವರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಗೊತ್ತಿರುವವನು ನೀನಿದ್ದೀಯ ಎಂಬ ಧೈರ್ಯಕ್ಕೆ ನಾನೂ ಕೇಳಲಿಲ್ಲ, ನಿನ್ನಿಂದಲೇ ತಿಳಿದರೆ ಚೆನ್ನ ಎಂದು ಕಾದೆ.

ನಿನ್ನನ್ನು ಬೈಯಬೇಕೆಂದು ಮೂರು ಸಲ ಹಾಳೆ ತೆಗೆದುಕೊಂಡೆ, ಬೈಗುಳ ಬರಲಿಲ್ಲ. ನೀನು ತಲೆಯಾಡಿಸಿದ್ದರಿಂದ ಅವತ್ತು ಆ ಮನುಷ್ಯ ಮಾತ್ರೆಯಿಲ್ಲದೆ ಮಲಗಿದರು, ಅದೂ ನಿಜ. ತಾವು ಕೇಳಿದ್ದು ನಡೆಯುತ್ತದೆ ಎಂದೇ ತಿಳಿದು ಹೋದರು. ಅದು ನನ್ನ ಬಗ್ಗೆ ಇತ್ತೋ, ನಿನ್ನ ಗ್ಯಾರೇಜಿನ ಬಗ್ಗೆಯೋ, ಆ ಗಾಡಿಯನ್ನು ಮತ್ತೆ ಹುಡುಕಿ ತಾ ಎಂದೋ. ಹಗಲೆಲ್ಲ ಹೊಲಿಯುತ್ತ ಒಂದೊಂದನ್ನೇ ಹಾಕಿ ನೋಡುತ್ತೇನೆ. ಎಲ್ಲವೂ ಇವರು ಹೇಳಬಹುದಾದ ಮಾತೇ ಅನ್ನಿಸುತ್ತದೆ, ಯಾವುದೂ ಅಲ್ಲ ಎಂದೂ ಅನ್ನಿಸುತ್ತದೆ.

ಏನೇ ಆಗಿರಲಿ ಮಾಡುತ್ತೇನೆ ಎಂದು ಬರೆದಿದ್ದೀಯ. ಮಾಡುತ್ತೀಯ, ನನಗೆ ಗೊತ್ತು. ಆದರೆ ಅದು ಏನೆಂದು ಹೇಳಲು ಈಗ ನಮ್ಮಿಬ್ಬರ ಹತ್ತಿರವೂ ಯಾರೂ ಇಲ್ಲ.

ನಿನ್ನ ಅಕ್ಕ